ಇಪ್ಪತ್ತು ಸೆಂಟ್ ಮಳೆ

ನನ್ನ ಯಜಮಾನರು ತೀರಿಕೊಂಡ ಮೇಲೆ ಮನೆಗೆ ಬಂದವರಲ್ಲಿ ಹೆಚ್ಚಿನವರು ಒಂದೇ ಮಾತು ಹೇಳಿದರು. "ಪಾಪ, ಕ್ಯಾನ್ಸರ್ ಕಡೆಗೂ ಬಿಡ್ಲಿಲ್ಲ ನೋಡಿ." ಹೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಸಾವಿನ ಮನೆಯಲ್ಲಿ ಏನಾದರೂ ಒಂದು ಹೇಳಬೇಕಲ್ಲ. ಆದರೂ ನಾನು ಪ್ರತಿಯೊಬ್ಬರನ್ನೂ ತಿದ್ದಿದೆ. "ಕ್ಯಾನ್ಸರ್ ಅಲ್ಲ. ಹಾರ್ಟು." ಇದೊಂದನ್ನು ಸ್ಪಷ್ಟವಾಗಿ ಹೇಳುತ್ತಿದ್ದೆ. ಕಳಸದಿಂದ ಬಂದು ನನ್ನ ಜೊತೆ ಉಳಿದಿದ್ದ ಚಿಕ್ಕಮ್ಮನಿಗೆ ಇದು ಸರಿಬರಲಿಲ್ಲ.

"ಹೋದೋರು ಹೋದ್ರು. ಎಂತದ್ರಿಂದ ಹೋದ್ರೆ ಎಂತ ಮಾರಾಯ್ತಿ? ಬಂದೋರ ಹತ್ರೆಲ್ಲ ವಾದ ಮಾಡ್ತೀಯಲ್ಲ."

"ವಾದ ಅಲ್ಲ ಚಿಕ್ಕಮ್ಮ. ಅವರು ಗೆದ್ದಿದ್ರು. ಸೋತ್ರು ಅಂತ ಯಾಕೆ ಹೇಳ್ಬೇಕು?"

ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ದುಃಖಕ್ಕೆ ಇವಳ ತಲೆ ಸ್ವಲ್ಪ ಕೆಟ್ಟಿದೆ ಎಂದುಕೊಂಡಿರಬೇಕು.

ಯಜಮಾನರು ಬಾಳೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಹಣ್ಣಿನ ತೂಕ, ನಡುವೆ ಗೊಬ್ಬರ, ಔಷಧಿಯ ಲೆಕ್ಕ ಎಲ್ಲ ಅವರದು. ಇವೆಲ್ಲಕ್ಕಿಂತ ಮೊದಲಿನ ಕೆಲಸ ಮಳೆ ಅಳೆಯುವುದು. ನಮ್ಮ ಕ್ವಾರ್ಟರ್ಸಿನ ಮುಂದಿನ ಬಯಲಲ್ಲಿ ಮಳೆಮಾಪಕ ಇದೆ. ಮೇಲೆ ಆಲಿಕೆ, ಒಳಗೆ ಡಬ್ಬಿ. ಡಬ್ಬಿಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು ಇಂಚು, ಸೆಂಟು ಎಂದು ಓದುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ನಮ್ಮ ಕಡೆ ಕಾಫಿಯವರ ಹತ್ತಿರ ಮಿಲಿಮೀಟರಿನಲ್ಲಿ ಮಳೆ ಹೇಳಿದರೆ ಅವರಿಗೆ ಅದು ಮಳೆ ಅನ್ನಿಸುವುದೇ ಇಲ್ಲ.

ಆಕಾಶ ಬಿಳುಚಿ ನಿಂತ ಬೇಸಿಗೆಯ ದಿನಗಳಲ್ಲೂ ಯಜಮಾನರು ಹೋಗಿ ಆಲಿಕೆ ಎತ್ತಿ ಡಬ್ಬಿ ನೋಡಿಯೇ ಬರುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಾನು ಕೇಳಿದ್ದೆ.

"ಮಳೆ ಇಲ್ಲ ಅಂತ ಗೊತ್ತಿದ್ದೂ ಎಂತಕ್ಕೆ ಹೋಗ್ತೀರಿ?"

"ಗೊತ್ತಿರೋದು ಬೇರೆ, ನೋಡೋದು ಬೇರೆ ಕಣೇ. ಸೊನ್ನೆನೂ ಬರೀಬೇಕು."

ತಿಥಿ ಮುಗಿದ ಮರುದಿನ ಮೇಸ್ತ್ರಿಯ ಹೆಂಡತಿ ಹಿತ್ತಲ ಬಾಗಿಲಿಗೆ ಬಂದಳು. ಮೇಸ್ತ್ರಿ ಎಂದರೆ ಎಸ್ಟೇಟಿನ ಆಳುಗಳನ್ನು ಕೆಲಸಕ್ಕೆ ಹಚ್ಚುವವನು. ಯಜಮಾನರ ಕೈಕೆಳಗೆ ಎಷ್ಟೋ ವರ್ಷ ದುಡಿದವನು, ನನ್ನ ತಮ್ಮನ ವಯಸ್ಸಿನವನು. ಅವಳು ಒಳಗೆ ಬರಲಿಲ್ಲ. ಬಾಗಿಲಿನ ಚೌಕಟ್ಟು ಹಿಡಿದು ನಿಂತೇ ಹೇಳಿದಳು.

"ಅಕ್ಕ, ಈ ಹೊತ್ತಲ್ಲಿ ಹೇಳ್ಬಾರ್ದು. ನಮ್ಮೋರು ಆಪರೇಷನ್‌ಗೆ ಹೋಗಲ್ಲ ಅಂತ ಕೂತಿದಾರೆ."

ಮೇಸ್ತ್ರಿಗೂ ಯಜಮಾನರಿಗೆ ಇದ್ದ ಕಾಯಿಲೆಯೇ. ಮೂತ್ರದ ಚೀಲದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್. ರಕ್ತ ಪರೀಕ್ಷೆ ಮಾಡಿಸು ಎಂದು ಅವನ ಬೆನ್ನು ಹತ್ತಿದವರು ಯಜಮಾನರೇ. ಬೇಗ ಸಿಕ್ಕಿತ್ತು. ಬೆಂಗಳೂರಿನಲ್ಲಿ ರೋಬೋಟ್ ಆಪರೇಷನ್‌ಗೆ ತಾರೀಖೂ ಗೊತ್ತಾಗಿತ್ತು.

"ಯಾಕಂತೆ?" ಎಂದೆ.

"ಟೀ ಅಂಗಡೀಲಿ ಹೇಳಿದಾರೆ. ರೈಟ್ರು ಅದೇ ರೋಬೋಟಲ್ಲಿ ಮಾಡ್ಸಿ ಏನು ಬಂತು, ಕ್ಯಾನ್ಸರ್ ಬಿಡ್ತನಾ ಅಂತ. ಆವತ್ತಿಂದ ಆಸ್ಪತ್ರೆ ಫೋನ್ ಬಂದ್ರೂ ಎತ್ತಲ್ಲ."

ಅಲ್ಲಿಯವರೆಗೆ ಆ ಮಾತು ನನ್ನ ಮನಸ್ಸನ್ನು ನೋಯಿಸುವ ಮಾತು ಮಾತ್ರ ಆಗಿತ್ತು. ಅದೇ ಮಾತು ಒಂದು ಜೀವ ತೆಗೆಯಬಹುದು ಎಂದು ಆಗ ತಿಳಿಯಿತು. ಅವಳನ್ನು ಒಳಗೆ ಕರೆದು ಮಣೆ ಹಾಕಿದೆ. ಹೆಂಡತಿಯಾದವಳಿಗೆ ತಿಳಿದಿರಬೇಕಾದ, ಗಂಡಸರ ಎದುರು ಆಡಲಾಗದ ಕೆಲವು ವಿಷಯಗಳನ್ನು ಅಲ್ಲೇ ಒಲೆಯ ಮುಂದೆ ಹೇಳಿದೆ. ಆಪರೇಷನ್ ಆದ ಮೇಲೆ ಗಂಡ ಹೆಂಡತಿ ನಡುವೆ ಏನು ಕಡಿಮೆಯಾಗಬಹುದು, ಏನು ಕಡಿಮೆಯಾಗಬೇಕಿಲ್ಲ ಎಂದು. ಅವಳು ತಲೆ ತಗ್ಗಿಸಿ ಕೇಳಿದಳು, ನಡುವೆ ಒಮ್ಮೆ ನಕ್ಕಳು. "ಅಷ್ಟೇನಾ ಅಕ್ಕ, ನಮಗೇನು ಇನ್ನು ಮದುವೆ ಹೊಸತಾ?" ಎಂದಳು. ಹೋಗುವಾಗ, "ಅವರನ್ನ ನಾಳೆ ಕಳಿಸ್ತೀನಿ, ನೀವೇ ಹೇಳಿ," ಎಂದಳು.

ಮೇಸ್ತ್ರಿಗೆ ಏನು ಹೇಳಬೇಕು ಎಂದು ಯೋಚಿಸುತ್ತ ಕುಳಿತಾಗ ಹಳೆಯದೆಲ್ಲ ಒಂದರ ಹಿಂದೆ ಒಂದು ಬಂದಿತು.

ಆಗ ನಮ್ಮ ಮಗಳಿಗೆ ಇನ್ನೂ ಮದುವೆಯಾಗಿರಲಿಲ್ಲ. ಯಜಮಾನರಿಗೆ ಮೂತ್ರ ಸರಿಯಾಗಿ ಹೋಗದೆ ಮೂಡಿಗೆರೆಯಲ್ಲಿ ತೋರಿಸಿದ್ದೆವು. ಅಲ್ಲಿಂದ ಚಿಕ್ಕಮಗಳೂರು, ಅಲ್ಲಿಂದ ಬೆಂಗಳೂರು. ದುಡ್ಡಿನ ವಿಷಯ ನಾನು ಬರೆಯುವುದಿಲ್ಲ. ಎಲ್ಲರ ಮನೆಯಲ್ಲಿ ಹೇಗೆ ಹೊಂದಿಸುತ್ತಾರೋ ನಾವೂ ಹಾಗೆಯೇ ಹೊಂದಿಸಿದೆವು. ಡಾಕ್ಟರು ರೋಬೋಟ್ ಎಂದಾಗ ನನಗೆ ಹೆದರಿಕೆಯಾಯಿತು. ಮನುಷ್ಯನ ಹೊಟ್ಟೆಗೆ ಯಂತ್ರವನ್ನು ಬಿಟ್ಟು ಇವರು ಹೊರಗೆ ಹೋಗುತ್ತಾರೋ ಏನೋ ಎಂದುಕೊಂಡೆ. ಡಾಕ್ಟರು ಬಿಡಿಸಿ ಹೇಳಿದರು. ಯಂತ್ರ ತಾನಾಗಿ ಏನೂ ಮಾಡುವುದಿಲ್ಲ. ಅದೇ ಕೋಣೆಯಲ್ಲಿ ಕುಳಿತು ಅವರೇ ಅದರ ಕೈಗಳನ್ನು ಆಡಿಸುತ್ತಾರೆ. ಒಳಗಿನದು ದೊಡ್ಡದಾಗಿ ಕಾಣುತ್ತದೆ, ಸಣ್ಣ ತೂತುಗಳಲ್ಲೇ ಕೆಲಸ ಮುಗಿಯುತ್ತದೆ.

ಯಜಮಾನರು ಎಲ್ಲ ಕೇಳಿ, "ಅಲ್ಲ ಡಾಕ್ಟ್ರೇ, ನಡುವೆ ಕರೆಂಟ್ ಹೋದ್ರೆ?" ಎಂದರು.

ಡಾಕ್ಟರು ನಕ್ಕುಬಿಟ್ಟರು. "ಬೇರೆ ವ್ಯವಸ್ಥೆ ಇರತ್ತೆ. ನೀವು ಯಾವ ಊರಿನವರು?"

"ಬಾಳೂರು. ನಮ್ಮಲ್ಲಿ ಜನರೇಟರ್ ಇದ್ರೂ ಪಲ್ಪರ್ ನಿಲ್ತದೆ. ಅದಕ್ಕೆ ಕೇಳಿದೆ."

ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಆ ಮಾತನ್ನು ಊರಿಗೆ ಬಂದು ಅವರೇ ಹೇಳಿಕೊಂಡರು. ಅದು ತಿರುಗಿ ಅವರಿಗೇ ಅಂಟಿತು. ವಾಪಸು ಬಂದ ಮೊದಲ ವಾರ ಇದೇ ಮೇಸ್ತ್ರಿ ಬಾಗಿಲಲ್ಲಿ ನಿಂತು, "ರೈಟ್ರೇ, ನಿಮ್ಮನ್ನ ಪಲ್ಪಿಂಗ್ ಮಾಡಿ ಕಳ್ಸಿದಾರಂತೆ. ಬೀಜ ಸರಿ ಇದ್ಯಾ?" ಎಂದು ಕೇಳಿದ್ದ. ಇವರು ಬನಿಯನ್ ಎತ್ತಿ ಹೊಟ್ಟೆಯ ಮೇಲಿನ ಸಣ್ಣ ಗಾಯಗಳನ್ನು ತೋರಿಸಿದರು. "ನೋಡು ಮಾರಾಯ, ಕಾಡುಹಂದಿಗೆ ಕೋವಿಯ ಚರೆ ಬಿದ್ದ ಹಾಗಿದೆ. ಆದ್ರೂ ಹಂದಿ ಎದ್ದು ಓಡಾಡ್ತಿದೆ."

ನಕ್ಕರೂ ಆ ದಿನಗಳು ಸುಲಭದವಾಗಿರಲಿಲ್ಲ. ಆಸ್ಪತ್ರೆಯಲ್ಲಿ ಹಾಕಿದ್ದ ಕೊಳವೆ ತೆಗೆದ ಮೇಲೆ ಮೂತ್ರ ನಿಲ್ಲುತ್ತಿರಲಿಲ್ಲ. ಕೆಮ್ಮಿದರೆ, ಸೀನಿದರೆ, ಕುರ್ಚಿಯಿಂದ ಎದ್ದರೆ ಬಟ್ಟೆ ಒದ್ದೆಯಾಗುತ್ತಿತ್ತು. ಪ್ಯಾಡ್ ಇಟ್ಟುಕೊಳ್ಳುವುದನ್ನು ನಾನೇ ಕಲಿಸಿದೆ. "ನಿಮ್ಮ ಹೆಂಗಸರ ಕಷ್ಟ ನಂಗೆ ಈ ವಯಸ್ಸಲ್ಲಿ ಗೊತ್ತಾಯ್ತು ನೋಡು," ಎಂದರು. ಮೂತ್ರ ತಡೆಯುವ ಹಾಗೆ ಬಿಗಿ ಹಿಡಿದು ಬಿಡುವ ವ್ಯಾಯಾಮವನ್ನು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಹಾಜರಿ ಕರೆಯುವಾಗ ನಿಂತಲ್ಲೇ ಅದನ್ನು ಮಾಡುತ್ತಿದ್ದರು.

ನನಗೆ ಅವರ ಬಗ್ಗೆ ಹೆಮ್ಮೆ ಅನ್ನಿಸಿದ್ದು ಆಪರೇಷನ್ ಮಾಡಿಸಿಕೊಂಡದ್ದಕ್ಕಲ್ಲ. ಭಯದಿಂದಲೂ ಜನ ಅದನ್ನು ಮಾಡಿಸಿಕೊಳ್ಳುತ್ತಾರೆ. ಒಂದು ಬೆಳಿಗ್ಗೆ ಹಾಜರಿಯ ಹೊತ್ತಲ್ಲಿ ಅವರ ಖಾಕಿ ಪ್ಯಾಂಟಿನ ಮುಂದೆ ಒದ್ದೆಯಾಗಿತ್ತು. ಹುಡುಗಿಯರು ಮುಖ ತಿರುಗಿಸಿ ನಕ್ಕರು. ಗಂಡಸರು ಕಂಡೂ ಕಾಣದ ಹಾಗೆ ಬೇರೆ ಕಡೆ ನೋಡಿದರು. ಕ್ವಾರ್ಟರ್ಸಿನ ಕಟ್ಟೆಯಲ್ಲಿ ಅಕ್ಕಿ ಆರಿಸುತ್ತಿದ್ದ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಒಳಗೆ ಓಡಿ ಬರಲಿಲ್ಲ.

"ನಗಿ, ಪರವಾಗಿಲ್ಲ," ಎಂದರು. "ಇದು ಆಪರೇಷನ್ ಆದ್ಮೇಲೆ ಆಗೋದು. ನಿಧಾನಕ್ಕೆ ಸರಿ ಆಗತ್ತೆ ಅಂದಿದಾರೆ. ಆದ್ರೆ ಐವತ್ತು ದಾಟಿದ ಗಂಡಸರು ಎಲ್ಲ ಕೇಳಿ. ಉಚ್ಚೆ ಹೊಯ್ಯಕ್ಕೆ ಕಷ್ಟ ಆದ್ರೆ ಡಾಕ್ಟ್ರಿಗೆ ಹೇಳಿ. ಕಷ್ಟ ಇಲ್ದಿದ್ರೂ ಒಂದ್ಸಲ ಕೇಳಿ. ನಾಚಿಕೆ ಮಾಡಿದ್ರೆ ಸಾಯ್ತೀರಿ. ಸರಿ, ಗಂಡಸರು ತೋಟದ ಮೇಲಿನ ಬ್ಲಾಕ್, ಹೆಂಗಸರು ಕೆರೆ ಪಕ್ಕ."

ಇಷ್ಟೇ. ಆಮೇಲೆ ಹೋಗಿ ಬಟ್ಟೆ ಬದಲಿಸಿದರು. ಮತ್ತೆ ಯಾರೂ ನಗಲಿಲ್ಲ. ಕೆಲವು ತಿಂಗಳಲ್ಲಿ ಆ ತೊಂದರೆಯೂ ಹೆಚ್ಚುಕಡಿಮೆ ನಿಂತಿತು. ಜೋರಾಗಿ ಸೀನಿದರೆ ಮಾತ್ರ ಉಳಿಯಿತು.

ಅಲ್ಲಿಂದ ಪಿಎಸ್‌ಎ ಎಂಬ ರಕ್ತ ಪರೀಕ್ಷೆ ನಮ್ಮ ಬದುಕಿನಲ್ಲಿ ಸೇರಿಕೊಂಡಿತು. ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಹೋಗಿ ರಕ್ತ ಕೊಟ್ಟು, ಮಸಾಲೆ ದೋಸೆ ತಿಂದು ಬರುವುದು. ಗ್ರಂಥಿಯನ್ನೇ ತೆಗೆದಿರುವುದರಿಂದ ಆ ಅಂಕಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇರಬೇಕು ಎಂದು ಡಾಕ್ಟರು ಹೇಳಿದ್ದರು. ಮೊದಲ ಸಲ ಸೊನ್ನೆ ಪಾಯಿಂಟ್ ಸೊನ್ನೆ ಒಂದು ಎಂದು ಬಂತು. ಯಜಮಾನರು ಬಸ್ಸಿನಲ್ಲೇ ಅದನ್ನು ತಮ್ಮ ಲೆಕ್ಕಕ್ಕೆ ಇಳಿಸಿಕೊಂಡರು.

"ಒಂದು ಸೆಂಟ್ ಮಳೆ. ಎಲೆಯೂ ನೆನೆಯಲ್ಲ."

ನಮ್ಮ ಮನೆಯಲ್ಲಿ ಆಮೇಲೆ ಯಾರೂ ಪಿಎಸ್‌ಎ ಎಂದು ಹೇಳಿದ್ದಿಲ್ಲ. "ಅಪ್ಪಂಗೆ ಮಳೆ ಎಷ್ಟಂತೆ?" ಎಂದೇ ಮಗಳು ಫೋನಿನಲ್ಲಿ ಕೇಳುತ್ತಿದ್ದಳು. ಅವಳ ಮದುವೆ ಆಯಿತು. ಮೊಮ್ಮಗ ಹುಟ್ಟಿದ. ಪ್ರತಿ ಸಲವೂ ಒಂದು ಸೆಂಟು, ಅಪರೂಪಕ್ಕೆ ಎರಡು. ಕಾಯಿಲೆ ಇತ್ತು ಎನ್ನುವುದನ್ನೇ ನಾವು ಮರೆಯುತ್ತ ಬಂದೆವು. ಅವರು ಮಾತ್ರ ಪರೀಕ್ಷೆ ಒಂದನ್ನೂ ತಪ್ಪಿಸಲಿಲ್ಲ.

ಆಮೇಲೆ ಒಂದು ಸಲ ಅಂಕಿ ಏರಿತು. ಮುಂದಿನ ಸಲ ಇನ್ನೂ ಏರಿ ಸೊನ್ನೆ ಪಾಯಿಂಟ್ ಎರಡು ಆಯಿತು. ಬೆಂಗಳೂರಿನ ಡಾಕ್ಟರು ಫೋನಿನಲ್ಲಿ ಬೇಗ ಬನ್ನಿ ಎಂದರು. ಯಜಮಾನರು ಒಪ್ಪಲಿಲ್ಲ. ಅದು ಕಾಫಿ ಹೂ ಅರಳಿಸುವ ಹೂಮಳೆಗೆ ಎಲ್ಲರೂ ಆಕಾಶ ನೋಡುವ ಕಾಲ, ಎಸ್ಟೇಟು ಬಿಟ್ಟು ಹೋಗುವಂತಿರಲಿಲ್ಲ. ಆದರೆ ನಿಜವಾದ ಕಾರಣ ಅದಲ್ಲ. ಅವರ ಲೆಕ್ಕದಲ್ಲಿ ಅದು ಏನೂ ಅಲ್ಲ.

"ಇಪ್ಪತ್ತು ಸೆಂಟ್ ಕಣೇ. ಇಪ್ಪತ್ತು ಸೆಂಟ್ ಮಳೆಗೆ ಯಾರಾದ್ರೂ ಕೊಡೆ ಬಿಚ್ತಾರನಾ? ಆಪರೇಷನ್ನಿಗೆ ಮೊದಲು ಇಂಚುಗಟ್ಲೆ ಇತ್ತು. ಒಂದು ಇಂಚು ಆಗ್ಲಿ, ಹೋಗೋಣ."

ಅವರು ಸುಳ್ಳು ಹೇಳುತ್ತಿರಲಿಲ್ಲ, ಧೈರ್ಯ ತೋರಿಸುತ್ತಲೂ ಇರಲಿಲ್ಲ. ಜೀವಮಾನವಿಡೀ ಮಳೆ ಅಳೆದ ಮನುಷ್ಯನಿಗೆ ಇಪ್ಪತ್ತು ಸೆಂಟು ಎಂದರೆ ನಿಜವಾಗಿಯೂ ಧೂಳು ಅಡಗುವಷ್ಟು ಹನಿ. ಡಾಕ್ಟರು ಮತ್ತೆ ಫೋನ್ ಮಾಡಿದರು. ಮಗಳು ಅತ್ತಳು. ಯಾವುದೂ ನಾಟಲಿಲ್ಲ. ನಾನು ಹೆಚ್ಚು ಮಾತಿನವಳಲ್ಲ. ಜಾವಳಿಯ ಶಾಲೆಯಲ್ಲಿ ಕಲಿತದ್ದು ಬಿಟ್ಟರೆ ನನಗೆ ಗೊತ್ತಿರುವುದೆಲ್ಲ ಈ ಎಸ್ಟೇಟಿನಲ್ಲಿ ಕಂಡದ್ದು. ಎರಡು ದಿನ ಸುಮ್ಮನಿದ್ದೆ.

ಮೂರನೇ ದಿನ ಸಂಜೆ ಗುಡುಗಿ ನಾಲ್ಕು ಹನಿ ಬಿತ್ತು, ನಿಂತಿತು. ಬೆಳಿಗ್ಗೆ ಅವರು ಅಳೆದು ಬಂದರು. ಮುಖ ಸಪ್ಪಗಿತ್ತು.

"ಎಷ್ಟು?" ಎಂದೆ.

"ಹದಿನೆಂಟು."

ಕಾಫಿಯ ಮೊಗ್ಗು ಅರಳಲು ಒಂದು ಒಳ್ಳೆಯ ಮಳೆ ಒಟ್ಟಿಗೆ ಬೀಳಬೇಕು. ಏನೂ ಬೀಳದಿದ್ದರೆ ಮೊಗ್ಗು ಇನ್ನಷ್ಟು ದಿನ ಕಾಯುತ್ತದೆ. ಸ್ವಲ್ಪವೇ ಬಿದ್ದರೆ ಕೆಟ್ಟಿತು. ಮೊಗ್ಗು ಎಚ್ಚರಾಗುತ್ತದೆ, ಅರ್ಧ ಬಿಚ್ಚುತ್ತದೆ, ಹಾಗೇ ಕರಕಾಗಿ ಉದುರುತ್ತದೆ. ಕೊರತೆಯ ನೀರನ್ನು ಕೂಡಲೇ ಹಾಯಿಸದಿದ್ದರೆ ಆ ವರ್ಷದ ಫಸಲೇ ಹೋಗುತ್ತದೆ. ಅದಕ್ಕೇ ಅವರು ನೀರೂ ಕುಡಿಯದೆ, "ಸ್ಪ್ರಿಂಕ್ಲರ್ ಪೈಪ್ ಹೊರಿಸ್ಬೇಕು, ಇವತ್ತೇ," ಎಂದು ಟೋಪಿ ಹುಡುಕುತ್ತಿದ್ದರು.

"ಹದಿನೆಂಟು ಸೆಂಟಿಗೆ ಇಷ್ಟು ಗಾಬರಿ ಯಾಕೆ?" ಎಂದೆ. "ಇಷ್ಟು ಮಳೆಗೆ ಯಾರಾದ್ರೂ ಕೊಡೆ ಬಿಚ್ತಾರನಾ? ಒಂದು ಇಂಚು ಆಗ್ಲಿ ಬಿಡಿ."

ಅವರು ಟೋಪಿ ಕೈಯಲ್ಲಿ ಹಿಡಿದು ನನ್ನನ್ನು ನೋಡಿದರು. ಆಮೇಲೆ ಕಟ್ಟೆಯ ಮೇಲೆ ಕುಳಿತರು.

"ನನ್ನ ಇಪ್ಪತ್ತು ಸೆಂಟೂ ಹೂವಿನ ಹೊತ್ತಿನ ಮಳೆನೇ, ಅಲ್ಲನಾ?" ಎಂದರು ಮೆಲ್ಲಗೆ.

"ನಂಗೆ ಹಾಗೇ ಕಾಣ್ತದೆ."

"ನೀನು ರೈಟರ್ ಆಗ್ಬೇಕಿತ್ತು ಮಾರಾಯ್ತಿ."

ಮೊದಲು ಪೈಪ್ ಹೊರಿಸಿದರು. ಅವರು ಎಲ್ಲದರಲ್ಲೂ ಹಾಗೆಯೇ. ಮರುದಿನ ಬೆಂಗಳೂರಿನ ಬಸ್ಸಿಗೆ ಹೊರಟೆವು. ಗ್ರಂಥಿ ಇದ್ದ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಕಾಯಿಲೆ ಉಳಿದುಕೊಂಡು ಈಗ ಎಚ್ಚರಾಗಿರಬಹುದು, ಇಷ್ಟು ಕಡಿಮೆ ಇರುವಾಗಲೇ ವಿಕಿರಣ ಕೊಟ್ಟರೆ ಒಳ್ಳೆಯದು, ಎಂದು ಡಾಕ್ಟರು ಹೇಳಿದರು. ಅದಕ್ಕಾಗಿ ಊರಿಗೆ ಹತ್ತಿರದ ಮಂಗಳೂರಿನಲ್ಲಿ ಒಂದು ಕೋಣೆ ಹಿಡಿದು ವಾರಗಟ್ಟಲೆ ಇದ್ದೆವು. ಭಾನುವಾರ ಬಿಟ್ಟು ದಿನವೂ ಹೋಗುವುದು, ಸ್ವಲ್ಪ ಹೊತ್ತು ಯಂತ್ರದ ಕೆಳಗೆ ಮಲಗಿ ಬರುವುದು. ಸುಸ್ತು, ಉರಿಮೂತ್ರ, ಸೆಕೆ. ಆ ದಿನಗಳಲ್ಲಿ ಎಸ್ಟೇಟಿನ ಮಳೆ ಅಳೆಯುತ್ತಿದ್ದವನು ಮೇಸ್ತ್ರಿ. ಪ್ರತಿ ಬೆಳಿಗ್ಗೆ ಫೋನ್ ಮಾಡಿ ಹೇಳುತ್ತಿದ್ದ. ಇವರು ಮಂಗಳೂರಿಗೆ ಬಂದದ್ದು ಚಿಕಿತ್ಸೆಗೆ ಎಂದು ಅವನಿಗೆ ಗೊತ್ತಿತ್ತು, ಕಾಯಿಲೆ ಮರಳಿದೆ ಎಂದು ನಾವು ಹೇಳಿರಲಿಲ್ಲ.

ಅಂಕಿ ನಿಧಾನವಾಗಿ ಇಳಿಯಿತು. ಇಪ್ಪತ್ತು ಹತ್ತಾಯಿತು, ಐದಾಯಿತು, ಕೊನೆಗೆ ಮತ್ತೆ ಒಂದು ಸೆಂಟು. ಅಲ್ಲೇ ನಿಂತಿತು. ಸಾಯುವ ಮೊದಲಿನ ಪರೀಕ್ಷೆಯಲ್ಲೂ ಅಷ್ಟೇ ಇತ್ತು.

ಅವರು ಹೋದದ್ದು ಕೊಯ್ಲಿನ ಕಾಲದಲ್ಲಿ, ಮಧ್ಯಾಹ್ನ. ಕಣದಲ್ಲಿ ತೂಕಕ್ಕೆ ತಕ್ಕಡಿ ಸರಿಮಾಡಿಸುತ್ತ ಎದೆ ಹಿಡಿದುಕೊಂಡು ಕುಳಿತರು. ಜೀಪಿನಲ್ಲಿ ಮೂಡಿಗೆರೆ ಮುಟ್ಟಿಸುವಷ್ಟರಲ್ಲಿ ಮುಗಿದಿತ್ತು. ಹಾರ್ಟು ಎಂದು ಅಲ್ಲಿನ ಡಾಕ್ಟರು ಹೇಳಿದರು. ಜೀಪಿನಲ್ಲಿ ಯಜಮಾನರ ತಲೆ ಮೇಸ್ತ್ರಿಯ ತೊಡೆಯ ಮೇಲಿತ್ತು.

ಹೆಂಡತಿ ಹೇಳಿಹೋದ ಮಾರನೆಯ ದಿನ ಮೇಸ್ತ್ರಿ ಬಂದ. ನಾನು ಮಳೆಮಾಪಕದ ಹತ್ತಿರ ಇದ್ದೆ. ಹೊಸ ರೈಟರು ಬರುವವರೆಗೆ ಅಳೆಯುತ್ತೀರಾ ಎಂದು ಎಸ್ಟೇಟಿನ ಸಾಹುಕಾರರು ಕೇಳಿದ್ದರು, ನಾನು ಹೂಂ ಎಂದಿದ್ದೆ. ಮೇಸ್ತ್ರಿ ಟವೆಲನ್ನು ಕೈಗೆ ಸುತ್ತಿಕೊಂಡು ಸ್ವಲ್ಪ ದೂರದಲ್ಲಿ ನಿಂತ.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಹಾರ್ಟಿಂದ ಹೋಗಿದ್ದು ಅಂತ ನಂಗೂ ಗೊತ್ತು. ನನ್ನ ತೊಡೆ ಮೇಲೇ ಹೋದ್ರಲ್ಲ. ಆದ್ರೆ ಒಂದು ಕೇಳ್ತೀನಿ. ಕುಯ್ದು ತೆಗೆದಿದ್ದು ಮತ್ತೆ ಬಂದಿತ್ತು, ಹೌದಾ ಅಲ್ವಾ?"

ಇಲ್ಲ ಎಂದುಬಿಡಬಹುದಿತ್ತು. ಗೆದ್ದರು ಎಂದು ಎಲ್ಲರ ಹತ್ತಿರ ಹೇಳಿಕೊಂಡವಳಿಗೆ ಅದೇ ಚಂದವಾಗಿತ್ತು.

"ಬಂದಿತ್ತು," ಎಂದೆ.

"ನೋಡಿ ಮತ್ತೆ! ಹಂಗಾದ್ರೆ ಆಪರೇಷನ್ ಮಾಡ್ಸಿ ಏನು ಬಂತು? ರೋಬೋಟೂ ಬಂತು, ಕಾಯಿಲೆನೂ ಬಂತು."

"ಎಷ್ಟು ವರ್ಷ ಆದ್ಮೇಲೆ ಬಂತು ಕೇಳು. ಮಗಳ ಮದುವೆಗೆ ಚಪ್ಪರ ಹಾಕಿದ್ದು ನೀನೇ. ಅವಳ ಮಗ ಈಗ ಶಾಲೆಗೆ ಹೋಗ್ತಾನೆ. ಇಷ್ಟೂ ವರ್ಷ ನೀನು ದಿನಾ ಅವರ ಎದುರು ಹಾಜರಿಗೆ ನಿಂತಿದೀಯ. ಕಾಯಿಲೆಯವರ ಹಾಗೆ ಕಂಡಿದ್ರಾ?"

"ಎಲ್ಲಿ! ನಮ್ಮನ್ನೇ ಸುಸ್ತು ಮಾಡ್ತಿದ್ರು."

"ವಾಪಸು ಬಂದಿದ್ದು ಇಪ್ಪತ್ತು ಸೆಂಟಿಗೇ ಸಿಕ್ತು. ಯಾಕೆ ಸಿಕ್ತು? ಏನೂ ಇಲ್ದಾಗಲೂ ಹೋಗಿ ನೋಡ್ತಿದ್ರು, ಅದಕ್ಕೆ. ಆಪರೇಷನ್ ಮಾಡ್ಸಿದ್ರೆ ಎಲ್ರಿಗೂ ಮತ್ತೆ ಬರತ್ತೆ ಅಂತಲ್ಲ. ಬರೋದೇ ಇಲ್ಲ ಅಂತಾನೂ ನಾನು ಹೇಳಲ್ಲ. ನಾನು ಡಾಕ್ಟ್ರಲ್ಲ. ನಂಗೆ ಗೊತ್ತಿರೋದು ಇವರದ್ದು ಮಾತ್ರ. ಇವರಿಗೆ ಬಂತು, ಹೋಯ್ತು. ಆಮೇಲೆ ಬೇರೆ ಎಂತದೋ ಬಂದು ಕರ್ಕೊಂಡು ಹೋಯ್ತು."

ಅವನು ಟವೆಲ್ ಬಿಚ್ಚಿದ, ಮತ್ತೆ ಸುತ್ತಿದ. "ಮತ್ತೆ ಆ ಒದ್ದೆ ಆಗೋದು ಅಕ್ಕ. ನಾನು ಆಳುಗಳ ಮುಂದೆ ನಿಲ್ಬೇಕಲ್ಲ."

"ಅವರು ನಿಂತಿರ್ಲಿಲ್ವಾ?"

ಅವನು ಹಾಜರಿ ನಡೆಯುವ ಜಾಗದ ಕಡೆ ನೋಡಿದ. ಆಮೇಲೆ, "ಡಬ್ಬೀಲಿ ಎಷ್ಟಿದೆ?" ಎಂದು ಕೇಳಿದ.

"ಸೊನ್ನೆ."

"ಬರ್ದು ಬಿಡಿ," ಎಂದು ಹೇಳಿ ಹೋದ. ಸಂಜೆ ಅವನ ಹೆಂಡತಿ ಬಂದು, ಆಸ್ಪತ್ರೆಗೆ ಅವರೇ ಫೋನ್ ಮಾಡಿದರು ಎಂದಳು.

ಅವನನ್ನು ಕರೆದುಕೊಂಡು ಹೋಗುವ ಜೀಪು ನಮ್ಮ ಕ್ವಾರ್ಟರ್ಸ್ ಮುಂದೆಯೇ ಹಾದು ಹೋಯಿತು. "ಪಲ್ಪಿಂಗ್‌ಗೆ ಹೊರಟೆ ಅಕ್ಕ!" ಎಂದು ಕೂಗಿದ. ಹೆಂಡತಿ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಅವನಿಗೆ ಬದುಕಿರುವವರೆಗೂ ಕಾಯಿಲೆ ಮರಳುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ. ಆಪರೇಷನ್ ಆಗಿ ಕೆಲವು ವಾರದ ಮೇಲೆ ಮೊದಲ ಪರೀಕ್ಷೆ. ಆ ದಿನ ಅವನು ಚಿಕ್ಕಮಗಳೂರಿನಿಂದ ಫೋನ್ ಮಾಡಿದ. ಮೊದಲು ಕೇಳಿದ್ದು ಎಸ್ಟೇಟಿನ ಮಳೆ.

"ಹನಿ ಇಲ್ಲ. ಸೊನ್ನೆ," ಎಂದೆ.

"ಅಯ್ಯೋ, ಮೊಗ್ಗೆಲ್ಲ ಕಾಯ್ತಿದೆ. ಇಲ್ಲಿ ನಂದೂ ಸೊನ್ನೆಯಂತೆ ಅಕ್ಕ. ಒಂದು ಸೆಂಟೂ ಇಲ್ವಂತೆ."

"ಒಳ್ಳೇದಾಯ್ತು. ಮತ್ತೆ ಯಾವಾಗ?"

"ಮೂರು ತಿಂಗಳಿಗೆ."

"ಮರೀಬೇಡ."

"ಮರೀತೀನಾ? ಆಗ್ಲೇ ದೋಸೆನೂ ತಿಂದೆ."

ಈಗ ಅವನು ಕೆಲಸಕ್ಕೆ ಬರುತ್ತಿದ್ದಾನೆ. ಭಾರ ಎತ್ತುವುದಿಲ್ಲ, ಒಂದು ಚೀಲದಲ್ಲಿ ಬದಲಿ ಪಂಚೆ ಇಟ್ಟುಕೊಂಡಿರುತ್ತಾನೆ. ಮೊನ್ನೆ ಮೆಣಸು ಕೊಳ್ಳಲು ಮೂಡಿಗೆರೆ ಕಡೆಯ ವ್ಯಾಪಾರಿಯೊಬ್ಬರು ಬಂದಿದ್ದರು. ಯಜಮಾನರನ್ನು ಬಲ್ಲವರು, ಸುದ್ದಿ ತಡವಾಗಿ ತಿಳಿದಿತ್ತು. ಕಣದ ಪಕ್ಕದಲ್ಲಿ ನನ್ನನ್ನು ಕಂಡು ಕೈ ಮುಗಿದರು. "ಏನು ಮಾಡೋದಮ್ಮ, ಒಳ್ಳೆಯವರು. ಆ ಕ್ಯಾನ್ಸರ್ ಒಂದು..."

ನಾನು ಬಾಯಿ ತೆರೆಯುವ ಮೊದಲೇ ಚೀಲಗಳ ಹಿಂದಿನಿಂದ ಮೇಸ್ತ್ರಿಯ ಸ್ವರ ಬಂತು.

"ಕ್ಯಾನ್ಸರ್ ಅಲ್ಲ ಸ್ವಾಮಿ. ಹಾರ್ಟು."